ಹಿತ್ತಲದಾಗಿನ ಪಾಳಿ: ಹಳೇ ಕೋಳಿ, ಹೊಸಾ ಕೋಳಿ

ಕೋಳಿ ಸಾಕಿದ ಮನಿಯವರಿಗೆಲ್ಲಾ ಗೊತ್ತಿರೂ ಮಾತಿದು. ಇದ್ದ ಕೋಳಿ ನಡುವ ಹೊಸಾ ಕೋಳಿ ತಂದು ಬಿಟ್ರ ಅವತ್ತ ಹಿತ್ತಲದಾಗ ದೊಡ್ಡ ಗದ್ದಲ. ಹಳೇವು ಕುತ್ತಿಗಿ ಪುಕ್ಕ ಅರಳಿಸಿಕೊಂಡು ಮೈಮ್ಯಾಲೆ ಬರತಾವ. ಹೊಸಾದು ಗ್ವಾಡಿ ಮೂಲಿಗೆ ಸೇರಿ ನೆತ್ತಿ ಮ್ಯಾಲ ಕುಕ್ಕಿಸಿಕೊಂಡು ನಿಂತಿರತೈತಿ. ಕಾಳು ಹಾಕಿದ್ರ ಹತ್ತರ ಬರಂಗಿಲ್ಲ, ನೀರಿಗೂ ಬರಂಗಿಲ್ಲ. ಎರಡು ದಿನ ಹಂಗ ಬಿಟ್ರ ಸಣಕಲಾಗಿ ಹೋಗತೈತಿ, ಇಲ್ಲಾ ಮಗ್ಗಲ ಮನಿ ತಿಪ್ಪಿಗೆ ಓಡಿ ನಾಯಿ ಬಾಯಿಗೆ ಬೀಳತೈತಿ. ನಾವು "ಕೋಳಿ ಜಗಳಾ ಬಿಡ್ರಿ, ತಾವ ಸುಮ್ಮನಾಗ್ತಾವ" ಅಂದು ನಮ್ಮ ಕೆಲಸಾ ಹಿಡೀತೀವಿ.

ಆದ್ರ ಅದು ಬರೇ ಜಗಳಾ ಅಲ್ಲ. ಅದಕ್ಕೊಂದು ಲೆಕ್ಕ ಐತಿ. ಆ ಲೆಕ್ಕಾ ಮನಷ್ಯಾರಿಗೆ ಯಾವಾಗ ಗೊತ್ತಾತು, ಯಾರು ಬರದಿಟ್ರು, ಬರದಿಡೂಕಿಂತ ಮೊದಲ ನಮ್ಮ ಹಿರೇರು ಏನು ಮಾಡತಿದ್ರು, ಅವರ ಪದ್ಧತಿ ಒಳಗ ಯಾವುದು ಇವತ್ತಿಗೂ ಖರೇ, ಯಾವುದು ಈಗ ನಡಿಯಂಗಿಲ್ಲ, ಅದನ್ನ ಈ ಸಲ ಬರೀತೀನಿ. ಕೋಳಿ ಅಂದ್ರ ಸಣ್ಣ ವಿಷಯ ಅಂತ ತಿಳೀಬ್ಯಾಡ್ರಿ. ನಮ್ಮ ಕಡಿ ಹೊಲಾ ಗಂಡಸರ ಹೆಸರಿಲೆ, ಎಮ್ಮಿ ಹಾಲಿನ ರೊಕ್ಕಾ ಡೇರಿ ಪುಸ್ತಕದಾಗ. ತತ್ತಿ ಮಾರಿದ ರೊಕ್ಕಾ ಮಾತ್ರ ಹೆಣ್ಣಮಕ್ಕಳ ಸೆರಗಿನ ಗಂಟಿನಾಗ. ನಾಕು ಕೋಳಿ ಸತ್ರ ಆ ಗಂಟು ಬಿಚ್ಚಿಹೋಗತೈತಿ.

ಹುಂಜದ ಜಗಳಾ ಬರದ್ರು, ಕೋಳಿ ಜಗಳಾ ಬರೀಲಿಲ್ಲ

ಹುಂಜ ಕಾದೂದನ್ನ ನಮ್ಮ ದೇಶದಾಗ ಭಾಳ ಹಿಂದಿನಿಂದ ಬರಕೊಂಡು ಬಂದಾರ. ವಾತ್ಸ್ಯಾಯನನ ಕಾಮಸೂತ್ರದಾಗ ಅರವತ್ನಾಕು ಕಲಾ ಎಣಿಸ್ತಾರಲ್ಲಾ, ಅದರಾಗ ಟಗರು, ಹುಂಜ ಕಾದಿಸೂದೂ ಒಂದು ಕಲಾ. ನಮ್ಮ ಕರ್ನಾಟಕದವನ ಆದ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ರಾಜ ಕ್ರಿ.ಶ. 1130ರ ಸುಮಾರಿಗೆ ಸಂಸ್ಕೃತದಾಗ ಮಾನಸೋಲ್ಲಾಸ ಅನ್ನೂ ದೊಡ್ಡ ಗ್ರಂಥ ಬರಸಿದ. ಅದರಾಗ ರಾಜರ ವಿನೋದ ಹೇಳೂ ಭಾಗದೊಳಗ ಹುಂಜದ ಕಾಳಗಕ್ಕ ಬ್ಯಾರೇನ ಜಾಗಾ ಕೊಟ್ಟಾನ. ತಮಿಳುನಾಡಿನ ಅರಸಲಾಪುರಂ ಅನ್ನೂ ಊರಾಗ ಕಾದಿ ಸತ್ತ ಹುಂಜಕ್ಕ ವೀರಗಲ್ಲ ನಿಲ್ಲಿಸ್ಯಾರ. ಸುಮಾರು ಒಂದೂವರಿ ಸಾವಿರ ವರ್ಷದ ಹಿಂದಿನ ಕಲ್ಲದು. ಕಲ್ಲಿನ ಮ್ಯಾಲ ಹುಂಜದ ಚಿತ್ರ, ಬಾಜೂಕ ಅಕ್ಷರ.

ಇನ್ನ 1520ರ ಹೊತ್ತಿಗೆ ಕೃಷ್ಣದೇವರಾಯನ ಕಾಲದಾಗ ವಿಜಯನಗರಕ್ಕ ಬಂದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯಿಸ್, ಪ್ಯಾಟ್ಯಾಗ ಕೋಳಿ ಎಷ್ಟು ಸೋವಿ ಅಂತ ಬರದಾನ. ಪಟ್ಟಣದಾಗಿನಕಿಂತ ಹೊರಗ ಹಳ್ಳಿ ಕಡಿ ಇನ್ನೂ ಸೋವಿ ಅಂತಾನೂ ಬರದಾನ. ಆ ಕೋಳಿ ಪ್ಯಾಟಿಗೆ ಬರೂ ಮೊದಲ ಯಾರೋ ಹೆಣ್ಣಮಗಳು ತನ್ನ ಹಿತ್ತಲದಾಗ ನುಚ್ಚು ಹಾಕಿ ಬೆಳಸಿರಬೇಕಲ್ಲಾ! ಆಕಿ ಸುದ್ದಿ ಅಲ್ಲಿ ಇಲ್ಲ.

ರಾಜಾ ನೋಡಿದ್ದು ಹುಂಜ ಹುಂಜದ ಕಾಳಗ. ಒಂದು ತಾಸಿನ ಆಟ, ಗೆದ್ದವ ಗೆದ್ದ, ಸತ್ತವ ಸತ್ತ. ಹಿತ್ತಲದಾಗ ಹೆಣ್ಣು ಕೋಳಿ ವರ್ಷಾಪೂರ್ತಿ ನಡಸೂ ಸಂಸಾರ ಆಟ ಅಲ್ಲ, ಅದರ ಮ್ಯಾಲ ಪಣಾ ಕಟ್ಟೂಹಂಗ ಇಲ್ಲ. ಹಿಂಗಾಗಿ ಯಾರೂ ಅದನ್ನ ಬರೀಲಿಲ್ಲ. ದಿನಾ ಅದನ್ನ ನೋಡಾಕಿ ಹೆಣ್ಣಮಗಳು, ಆಕಿಗೆ ಬರಿಯಾಕ ಬರತಿರಲಿಲ್ಲ.

ಕಾಡಿನಾಗಿನ ಮನೆತನ

ಕೋಳಿ ಯಾಕ ಹಿಂಗ ಮಾಡತಾವ ಅಂತ ತಿಳೀಬೇಕಂದ್ರ ಅವುಗಳ ತವರುಮನಿ ನೋಡಬೇಕು. ಇವತ್ತು ಲೋಕದ ತುಂಬ ಇರೂ ಸಾಕು ಕೋಳಿಯೆಲ್ಲಾ ಕೆಂಪು ಕಾಡುಕೋಳಿ ವಂಶದವು. ಥಾಯ್ಲೆಂಡಿನ ಬಾನ್ ನಾನ್ ವಾಟ್ ಅನ್ನೂ ಜಾಗಾದಾಗ ಸಿಕ್ಕ ಎಲುವು, ಖಚಿತ ಆಗಿ ಸಾಕು ಕೋಳಿದು ಅನ್ನಬಹುದಾದ ಎಲುವಿನೊಳಗ ಎಲ್ಲಕಿಂತ ಹಳೇವು ಅಂತ 2022ರಾಗ ವಿಜ್ಞಾನಿಗಳು ಪ್ರಕಟ ಮಾಡ್ಯಾರ. ಕ್ರಿಸ್ತಪೂರ್ವ 1650ರಿಂದ 1250ರ ನಡುವಿನ ಕಾಲದವು. ಭತ್ತಾ, ನವಣಿ ಬೆಳಿಯೂ ಹೊಲದ ಕಾಳಿಗೆ ಆಸೆ ಮಾಡಿ ಕಾಡುಕೋಳಿ ಊರ ಹತ್ತರ ಬಂದ್ವು ಅಂತ ಅವರ ವಿಚಾರ.

ನಮ್ಮ ಸಹ್ಯಾದ್ರಿ ಕಾಡಿನಾಗ ಇರೂದು ಬ್ಯಾರೆ, ಬೂದು ಬಣ್ಣದ ಕಾಡುಕೋಳಿ. ದಾಂಡೇಲಿ ಕಡಿ ಹೋದವರು ಮುಂಜಾನೆ ಅದರ ಕೂಗು ಕೇಳಿರತೀರಿ. ಸಾಕು ಕೋಳಿ ದಕ್ಷಿಣ ಏಷ್ಯಾಕ್ಕ ಬಂದ ಮ್ಯಾಲ ಈ ಬೂದು ಕೋಳಿ ಜೋಡಿ ಎಲ್ಲೋ ಕೂಡಿಕೆ ಆತು. ಅದರ ಗುರುತು ಇವತ್ತಿಗೂ ಐತಿ. ಹಳದಿ ಕಾಲಿನ ಕೋಳಿ ಇರತಾವಲ್ಲಾ, ಆ ಹಳದಿ ಚರ್ಮದ ಗುಣಾ ಕೆಂಪು ಕಾಡುಕೋಳಿದಲ್ಲ, ಬೂದು ಕಾಡುಕೋಳಿ ಕಡಿಂದ ಬಂದಿದ್ದು ಅಂತ 2008ರಾಗ ಪತ್ತೆ ಆತು. ಆ ಗುಣಾ ಇದ್ದ ಕೋಳಿ ಗೊಂಜಾಳ ತಿಂದ್ರ ಅದರ ಬಣ್ಣ ಚರ್ಮಕ್ಕ ಇಳಿದು ಕಾಲು ಹಳದಿ ಆಗತಾವ.

ಕಾಡಿನಾಗ ಕೋಳಿ ಸಣ್ಣ ಸಣ್ಣ ಗುಂಪಿನಾಗ ಇರತಾವ. ಒಂದು ಹುಂಜ, ಕೆಲವು ಹೆಣ್ಣು, ಅವುಗಳ ಮರಿ. ಕಾಳು ಸಿಕ್ಕಾಗೆಲ್ಲಾ ಹೊಡದಾಡಕೋತ ಕುಂತ್ರ ನರಿ, ಗಿಡಗ ಬಂದು ಒಯ್ಯೂದು ಗೊತ್ತಾಗಂಗಿಲ್ಲ. ಅದಕ್ಕ ಒಮ್ಮೆ ಹೊಡದಾಡಿ ನೀ ಮುಂದ, ನಾ ಹಿಂದ ಅಂತ ಪಾಳಿ ಗೊತ್ತು ಮಾಡಿಕೊಂಡುಬಿಡತಾವ. ಆಮ್ಯಾಲ ದಿನಾ ಹೊಡದಾಡೂದು ಬ್ಯಾಡ. ಮುಂದಿನದು ಕುತ್ತಿಗಿ ಎತ್ತಿ ನೋಡಿದ್ರ ಸಾಕು, ಹಿಂದಿನದು ಸರಕೋತೈತಿ. ಅಂದ್ರ ಈ ಪಾಳಿ ಇರೂದು ಜಗಳಾ ಹಚ್ಚಾಕ ಅಲ್ಲ, ಜಗಳಾ ಮುಗಸಾಕ. ಹೊಸಾ ಕೋಳಿ ಬಂದ ದಿನ ಆಗೂದು ಇಷ್ಟ: ಪಾಳ್ಯಾಗ ಆಕಿ ಜಾಗಾ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಹಿಂಗಾಗಿ ಪ್ರತಿಯೊಂದು ಕೋಳಿ ಜೋಡಿ ಆಕಿ ಒಮ್ಮೆ ತೀರ್ಮಾನಾ ಮಾಡಿಕೋಬೇಕು. ಹಳೇ ಕೋಳಿ ಎಂಟು ಇದ್ರ ಎಂಟು ಜಗಳಾ. ಹೊಸಾವು ಎರಡು ತಂದ್ರ ಆ ಎಂಟೆಂಟು ಜಗಳಾ ಎರಡರ ಪಾಲಿಗೂ ಹಂಚಿಹೋಗತಾವ, ಒಂದರ ಮ್ಯಾಲ ಎಲ್ಲಾ ಬೀಳಂಗಿಲ್ಲ.

ನಾರ್ವೆ ದೇಶದ ಹುಡುಗ

ಈ ಪಾಳಿಯನ್ನ ಮೊದಲಿಗೆ ಕುಂತು ಬರಕೊಂಡವ ನಾರ್ವೆ ದೇಶದ ಒಬ್ಬ ಹುಡುಗ. ಹೆಸರು ಥೋರ್ಲೈಫ್ ಶೆಲ್ಡರುಪ್-ಎಬ್ಬೆ. ಹುಟ್ಟಿದ್ದು 1894ರಾಗ. ತಂದಿ ತಾಯಿ ಇಬ್ಬರೂ ಮೂರ್ತಿ ಕೆತ್ತೂ ಕಲಾವಿದರು. ಸಣ್ಣವ ಇದ್ದಾಗಿಂದ ಇವಗ ಕೋಳಿ ಹುಚ್ಚು. ಒಂದೊಂದು ಕೋಳಿಗೆ ಹೆಸರಿಟ್ಟು, ಯಾರು ಯಾರನ್ನ ಕುಕ್ಕಿದ್ರು, ಯಾರು ಸರಕೊಂಡ್ರು ಅಂತ ವಹಿಯೊಳಗ ಬರಕೋತ ಬಂದ. ಮನ್ಯಾಗಿನವರು ನಕ್ಕಿರಬೇಕು, ನಾವಾಗಿದ್ರೂ ನಗತಿದ್ವಿ.

ದೊಡ್ಡವ ಆಗಿ ಪ್ರಾಣಿಶಾಸ್ತ್ರ ಓದಿದ. ಆ ಬರಹಾನ ಅಭ್ಯಾಸ ಆಗಿ ಬೆಳದು 1922ರಾಗ ಜರ್ಮನ್ ಭಾಷಾದ ಒಂದು ಮನಃಶಾಸ್ತ್ರ ಪತ್ರಿಕೆಯೊಳಗ ಅಚ್ಚಾತು. ಅದರಾಗ ಅಂವ ಹೇಳಿದ್ದು ಇಷ್ಟು. ಒಂದ ಗುಂಪಿನಾಗಿನ ಯಾವುದ ಎರಡು ಕೋಳಿ ತಗೋರಿ, ಅವುಗಳ ನಡುವ ಮ್ಯಾಲಿನದು ಯಾವುದು, ಕೆಳಗಿನದು ಯಾವುದು ಅನ್ನೂದು ಗೊತ್ತಾಗಿರತೈತಿ. ಮ್ಯಾಲಿನದು ಕುಕ್ಕಬಹುದು, ಕೆಳಗಿನದು ತಿರುಗಿ ಕುಕ್ಕೂಹಂಗ ಇಲ್ಲ. ಎಲ್ಲಾರಕಿಂತ ಮ್ಯಾಲಿನ ಕೋಳಿ ಎಲ್ಲಾರನ್ನೂ ಕುಕ್ಕತೈತಿ. ಎಲ್ಲಾರಕಿಂತ ಕೆಳಗಿನದು ಯಾರನ್ನೂ ಕುಕ್ಕಂಗಿಲ್ಲ. ಜರ್ಮನ್ ಭಾಷಾದ ಆ ಮಾತು ಮುಂದ ಇಂಗ್ಲಿಷಿಗೆ ಹೋಗಿ, ಈಗ ಆಫೀಸಿನ ದೊಡ್ಡಸ್ತಿಕಿ ಬಗ್ಗೆ ಮಾತಾಡೂವಾಗೂ ಜನಾ "ಪೆಕಿಂಗ್ ಆರ್ಡರ್" ಅಂತ ಅದನ್ನ ಬಳಸ್ತಾರ. ನಾ ಅದನ್ನ ಪಾಳಿ ಅಂತ ಕರದೀನಿ. ರೇಷನ್ ಅಂಗಡಿ ಮುಂದ ನಾವು ಹಚ್ಚೂ ಪಾಳಿಗೂ ಇದಕ್ಕೂ ಫರಕ್ ಐತಿ. ಇಲ್ಲಿ ಮೊದಲ ಬಂದಾಕಿಗೆ ಮೊದಲನೇ ಜಾಗಾ ಅಂತೇನಿಲ್ಲ.

ಇನ್ನೊಂದು ಮಜಾ ಮಾತು ಅಂವ ಬರದಾನ. ಪಾಳಿ ಯಾವಾಗಲೂ ನೆಟ್ಟಗ ಇರಂಗಿಲ್ಲ. ಕೆಂಚಿ ಕರಕಿಯನ್ನ ಕುಕ್ಕತೈತಿ, ಕರಕಿ ಚುಕ್ಕಿಯನ್ನ ಕುಕ್ಕತೈತಿ, ಆದ್ರ ಚುಕ್ಕಿ ಹೋಗಿ ಕೆಂಚಿಯನ್ನ ಕುಕ್ಕತೈತಿ! ಮೂರರ ನಡುವ ಹಿಂಗ ಗೋಲ ತಿರಗೂದೂ ಉಂಟು. ಹಿತ್ತಲದಾಗ ಕುಂತು ಅಕ್ಕಿ ಆರಿಸಿದವರು ಇದನ್ನ ನೋಡೇ ಇರತಾರ.

ಇಷ್ಟು ದೊಡ್ಡದು ಕಂಡುಹಿಡದವನ ಪಾಡು ಏನಾತು ಅಂದ್ರ, ಅದೂ ಕೋಳಿ ಕತಿನ. ಅಂವ ಕಲ್ತಿದ್ದು ಕ್ರಿಸ್ಟೀನ್ ಬೊನ್ನೆವಿ ಅನ್ನೂ ಪ್ರೊಫೆಸರ್ ಬಾಯಾರ ಕಡಿ. ನಾರ್ವೆ ದೇಶದ ಮೊದಲನೇ ಮಹಿಳಾ ಪ್ರೊಫೆಸರ್ ಅವರು, 1912ರಾಗ ಆದವರು. ಮುಂದ ಇಬ್ಬರ ನಡುವ ಮನಸ್ತಾಪ ಬಂತು. ತನ್ನ ದೇಶದ ವಿಶ್ವವಿದ್ಯಾಲಯದಾಗ ಅವಗ ಬೇಕಾದ ಜಾಗಾ ಸಿಗಲೇ ಇಲ್ಲ. 1976ರಾಗ ತೀರಿಕೊಂಡ. ಪಾಳಿ ಅಂದ್ರೇನು ಅಂತ ಲೋಕಕ್ಕ ಹೇಳಿದವ ವಿದ್ವಾಂಸರ ಪಾಳ್ಯಾಗ ಕಡೀಗೇ ಉಳದ.

ತತ್ತಿ ಲೆಕ್ಕಾ

ಅವನ ಮಾತು ಹಿಡದು ಮುಂದ ಕೆಲಸಾ ಮಾಡಿದವರು ಅಮೆರಿಕಾದವರು. ಶಿಕಾಗೊ ವಿಶ್ವವಿದ್ಯಾಲಯದ ಅಲೀ ಮತ್ತ ಅವರ ಶಿಷ್ಯ ಗೂಲ್ ಇಬ್ಬರೂ ಕೂಡಿ 1944ರಾಗ ಒಂದು ಅಭ್ಯಾಸ ಪ್ರಕಟ ಮಾಡಿದ್ರು. ಹೊಸಾ ಕೋಳಿ ತರೂ ಮನಿಯವರು ಇದನ್ನ ತಿಳಕೊಂಡಿರಬೇಕು. ಅವರು ಕೋಳಿ ಎರಡು ನಮೂನಿ ಗುಂಪಿನಾಗ ಇಟ್ರು. ಒಂದರಾಗ ಇದ್ದ ಕೋಳಿ ಇದ್ದಹಂಗ ಇರತಿದ್ವು. ಇನ್ನೊಂದರಾಗ ಆಗಾಗ ಒಂದು ಕೋಳಿ ತಗದು ಹೊಸಾದು ಹಾಕೋತ ಹೋದ್ರು. ಹಿಂಗ ಅದಲು ಬದಲು ಆಗೂ ಗುಂಪಿನಾಗ ಕುಕ್ಕಾಟ ಹೆಚ್ಚಾತು, ತಿನ್ನೂದು ಕಡಿಮಿ ಆತು, ತೂಕ ಕಡಿಮಿ ಆತು, ತತ್ತಿನೂ ಕಡಿಮಿ ಆದ್ವು.

ಅಂದ್ರ ಏನು ತಿಳೀತು? ಹೊಸಾ ಕೋಳಿ ಬಂದಾಗ ನುಕಸಾನ ಬರೇ ಹೊಸಾದಕ್ಕಲ್ಲ. ಹಳೇವೂ ತತ್ತಿ ನಿಲ್ಲಸ್ತಾವ. ಈ ವಾರಾ ಒಂದು, ಮುಂದಿನ ವಾರಾ ಒಂದು ಅಂತ ಬಿಡಿಬಿಡಿ ಆಗಿ ತಂದ್ರ ಪಾಳಿ ಪ್ರತಿ ವಾರಾ ಹರೀತೈತಿ. ತರೂದಿದ್ರ ಒಮ್ಮೆಲೆ ತರಬೇಕು, ಆಮ್ಯಾಲ ತಿಂಗಳಾನುಗಟ್ಟಲೆ ಕೈ ಹಚ್ಚಬಾರದು.

ಗೂಲ್ ಅವರು ಮುಂದ ಇನ್ನೊಂದು ನೋಡಿದ್ರು. ಕೋಳಿ ಒಂದನ್ನೊಂದು ಹೆಂಗ ಗುರುತು ಹಿಡೀತಾವ? ಮುಖ್ಯ ಆಗಿ ತಲಿ ನೋಡಿ, ಅಂದ್ರ ನೆತ್ತಿ ಮ್ಯಾಲಿನ ಕೆಂಪು ತುರಾಯಿ, ಕುತ್ತಿಗಿ ನೋಡಿ. ಆ ಚಹರೆ ಬದಲ ಮಾಡಿ ಬಿಟ್ರ, ಇದ್ದ ಕೋಳಿನ ಹೊಸಾದು ಅಂತ ತಿಳದು ಮ್ಯಾಲ ಬಿದ್ವು. ಕಾವಿಗೆ ಕುಂತ ಕೋಳಿ 21 ದಿನಾ ಬಿಟ್ಟು ಮರಿ ಕರಕೊಂಡು ಹೊರಗ ಬಂದಾಗ ಹಳೇ ಗೆಳತ್ಯಾರ ಜೋಡಿ ಯಾಕ ಜಗಳಾ ಬರತೈತಿ ಅಂತ ನನಗ ಭಾಳ ದಿನಾ ಸಂಶೆ ಇತ್ತು. ಕುಂತು ಕುಂತು ಆಕಿ ಸೊರಗಿರತಾಳ, ತುರಾಯಿ ಬಾಡಿ ಬಿಳಚಿರತೈತಿ. ಎರಡು ಮೂರು ವಾರಾ ಕಣ್ಣಿಗೆ ಬಿದ್ದಿರಂಗಿಲ್ಲ. ಹಳೇವರಿಗೆ ಆಕಿ ಗುರುತು ಸಿಗದಂಗ ಆಗಿರತೈತಿ.

ನಮ್ಮ ಹಿರೇರ ಪದ್ಧತಿ

ಈಗ ನಮ್ಮ ಕಡಿ ಮಾತಿಗೆ ಬರೂಣ. ನಮ್ಮ ಅತ್ತಿಯವರು ಒಂದನೇತ್ತಾ ಸಾಲಿ ಸುದ್ದಿ ಕಂಡವರಲ್ಲ. ಆದ್ರ ಹೊಸಾ ಕೋಳಿ ಬಂದ್ರ ಅವರದೊಂದು ಕ್ರಮ ಇತ್ತು. ಆಜೂಬಾಜು ಮನಿಯವರದೂ ಹೆಚ್ಚು ಕಡಿಮಿ ಅದ ಕ್ರಮ.

ಒಂದು, ಒಂಟಿ ಕೋಳಿ ತರತಿರಲಿಲ್ಲ. ಜೋಡಿನ ತರತಿದ್ರು. "ಸೊಸಿ ಒಬ್ಬಾಕಿನ ಬರತಾಳ, ಬ್ಯಾರೆ ದಾರಿ ಇಲ್ಲ. ಕೋಳಿಗರೆ ಒಂದು ಜೋಡಿ ಇರಲಿ" ಅಂತಿದ್ರು. ಮ್ಯಾಲ ಹೇಳಿದ ಎಂಟು ಜಗಳದ ಲೆಕ್ಕಾ ಇದರಾಗ ಐತಿ.

ಎರಡು, ದೊಡ್ಡ ಬುಟ್ಟಿ ಬೋರಲ ಹಾಕಿ ಅದರ ಕೆಳಗ ಹೊಸಾವನ್ನ ಇಡತಿದ್ರು. ಸಂದಿಯಿಂದ ಕಾಣಸೂ ಬುಟ್ಟಿ. ಇಲ್ಲಾ ಕಾಲಿಗೆ ಅರಿವಿ ಪಟ್ಟಿ ಕಟ್ಟಿ ಗೂಟಕ್ಕ ಬಿಗೀತಿದ್ರು. ಬುಟ್ಟಿ ಸುತ್ತ ಹಳೇವಕ್ಕ ಕಾಳು ಚೆಲ್ಲತಿದ್ರು. ಎರಡೂ ಕಡಿಯವು ಒಂದನ್ನೊಂದು ನೋಡಕೋತ ತಿಂತಿದ್ವು, ಕುಕ್ಕಾಕ ಮಾತ್ರ ಆಗತಿರಲಿಲ್ಲ. ತಲಿ ಚಹರೆ ಪರಿಚೆ ಆಗೂದು ಅಂದ್ರ ಇದ. ಬುಟ್ಟಿ ಗೂಟಕಿಂತ ಛಲೋ, ಯಾಕಂದ್ರ ಕಟ್ಟಿಹಾಕಿದ ಕೋಳಿಗೆ ಓಡಿ ತಪ್ಪಿಸಿಕೊಳ್ಳಾಕ ಆಗಂಗಿಲ್ಲ.

ಮೂರು, ಗೂಡಿನಾಗ ಬಿಡೂದು ರಾತ್ರಿ. ಕೋಳಿಗೆ ಕತ್ತಲಾಗ ಕಣ್ಣು ಸರಿಯಾಗಿ ಕಾಣಂಗಿಲ್ಲ, ಕುಂತಲ್ಲೇ ಕುಂದರತಾವ. ಹಳೇವು ಕುಂತ ಮ್ಯಾಲ ಮೆಲ್ಲಕ ಹೊಸಾವನ್ನ ನಡುವ ಇಟ್ಟುಬಿಟ್ರ ಮುಂಜಾನೆ ಒಂದ ಗೂಡಿನಿಂದ ಎಲ್ಲಾ ಹೊರಗ ಬರತಾವ. ಇದರಿಂದ ಜಗಳಾ ಪೂರಾ ತಪ್ಪಂಗಿಲ್ಲ, ಬಿರುಸು ಕಡಿಮಿ ಆಗತೈತಿ. ಬುಟ್ಟ್ಯಾಗ ಇಟ್ಟು ಪರಿಚೆ ಮಾಡಿಸದನ ಬರೇ ರಾತ್ರಿ ಬಿಟ್ರ, ಜಗಳಾ ಮುಂಜಾನಿಗೆ ಮುಂದ ಹೋಗತೈತಿ ಅಷ್ಟ.

ನಾಕು, ರಕ್ತಾ ಬಂದ ಕೋಳಿಯನ್ನ ಆ ಕ್ಷಣಾನ ಹೊರಗ ತಗೀತಿದ್ರು. ಕೆಂಪು ಕಂಡಲ್ಲಿ ಕೋಳಿ ಮತ್ತ ಮತ್ತ ಕುಕ್ಕತಾವ, ಗಾಯಾ ತೂತು ಬೀಳೂತನಕ ಬಿಡಂಗಿಲ್ಲ. ಅರಿಷಿಣ ಎಣ್ಣಿ ಹಚ್ಚಿ, ಮಾಯೂತನಕ ಬ್ಯಾರೆ ಇಡತಿದ್ರು. ಅರಿಷಿಣದಿಂದ ಗಾಯದ ಕೆಂಪೂ ಮುಚ್ಚತಿತ್ತು.

ಐದನೇದೊಂದಿತ್ತು. ಹೊಸಾ ಕೋಳಿಯನ್ನ ಎತ್ತಿಕೊಂಡು ಒಳಕಲ್ಲಿಗೆ ಮೂರು ಸುತ್ತು ಹಾಕಿಸೂದು, ಮನಿ ಬಿಟ್ಟು ಹೋಗಬಾರದು ಅಂತ. ಇದಕ್ಕ ಯಾವ ವಿಜ್ಞಾನದ ಪತ್ರಿಕೆಯೊಳಗೂ ಆಧಾರ ಸಿಗಲಿಕ್ಕಿಲ್ಲ. ಸಿಗದಿದ್ರೂ ನಾ ಈಗಲೂ ಹಾಕಿಸ್ತೀನಿ.

ಅಲೀ ಗೂಲ್ ಅವರಿಗೆ ನಮ್ಮ ಅತ್ತಿಯವರ ಸುದ್ದಿ ಗೊತ್ತಿರಲಿಲ್ಲ, ಇವರಿಗೆ ಅವರ ಸುದ್ದಿ ಗೊತ್ತಿರಲಿಲ್ಲ. ಇಬ್ಬರೂ ಕೋಳಿಯನ್ನ ನೋಡ್ಯಾರ, ಒಂದ ಕಡಿ ಬಂದು ಮುಟ್ಟ್ಯಾರ. ಫರಕ್ ಇಷ್ಟ, ಅವರದು ಅಚ್ಚಾತು, ಇವರದು ಬಾಯಾಗ ಉಳೀತು.

ರಾಣಿಖೇತ

ಇಷ್ಟು ಬರದಮ್ಯಾಲ ಹಿರೇರು ಮಾಡಿದ್ದೆಲ್ಲಾ ಸರಿ ಅಂತ ಅನಿಸಬಹುದು. ಅಲ್ಲ. ಒಂದು ದೊಡ್ಡ ಮಾತು ಅವರ ಪದ್ಧತಿ ಒಳಗ ಇರಲಿಲ್ಲ.

1926ರಾಗ ಜಾವಾ ದ್ವೀಪದಾಗ ಮತ್ತ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರ ಹತ್ತರ ಒಂದು ಹೊಸಾ ಕೋಳಿ ಬ್ಯಾನಿ ಕಾಣಿಸಿಕೊಂತು. ಮರು ವರ್ಷ ನಮ್ಮ ದೇಶದಾಗ, ಈಗಿನ ಉತ್ತರಾಖಂಡದ ಗುಡ್ಡದ ಊರು ರಾಣಿಖೇತದಾಗ ಕಂಡಿತು. ಅಲ್ಲಿಂದ ನಮ್ಮಲ್ಲಿ ಅದರ ಹೆಸರು ರಾಣಿಖೇತ ರೋಗ ಅಂತ ಆತು. ಕನ್ನಡದಾಗ ಕೊಕ್ಕರೆ ರೋಗ ಅಂತಾರ. ಕೋಳಿ ಬಾಯಿ ತಗದು ಉಸರು ಎಳೀತಾವ, ಹಸರು ಬಿಳಿ ಭೇದಿ ಮಾಡತಾವ, ಕೆಲವಕ್ಕ ಕುತ್ತಿಗಿ ತಿರುವತೈತಿ, ಮುಂದ ಗೂಡು ಗೂಡ ಖಾಲಿ. ನಮ್ಮ ಕಡಿ ಬ್ಯಾಸಗಿಯೊಳಗ ಇದು ಊರಿಗೆ ಊರ ಹೊಡಕೊಂಡು ಹೋದದ್ದನ್ನ ಕಂಡವರು ಇನ್ನೂ ಇದ್ದಾರ. ದೇವರ ಸಿಟ್ಟು ಅಂತ ತಿಳದು ಹರಕಿ ಹೊತ್ತವರೂ ಇದ್ದಾರ.

ಈ ಬ್ಯಾನಿ ಹಳೇ ಗುಂಪಿಗೆ ಬರೂ ದೊಡ್ಡ ದಾರಿ ಯಾವುದಂದ್ರ, ಸಂತಿಯಿಂದ ತಂದ ಹೊಸಾ ಕೋಳಿ. ಸಂತ್ಯಾಗ ನಾಕು ಊರಿನ ಕೋಳಿ ಒಂದ ಬುಟ್ಟ್ಯಾಗ ಇರತಾವ. ಬ್ಯಾನಿ ಹತ್ತಿದ ಕೋಳಿ ಮ್ಯಾಲ ಅದು ಕಾಣಾಕ ಎರಡು ದಿನದಿಂದ ಹದಿನೈದು ದಿನ ಬೇಕು. ಅಂದ್ರ ಸಂತ್ಯಾಗ ಗಟ್ಟಿಮುಟ್ಟಾಗಿ ಕಂಡ ಕೋಳಿ ಮನಿಗೆ ಬಂದ ವಾರದಾಗ ಬೀಳತೈತಿ. ಲಸಿಕಿ ಹಾಕಿಸಿದ ಕೋಳಿ ತಾ ಆರಾಮ ಇದ್ದು ಬ್ಯಾರೇವಕ್ಕ ಹಚ್ಚೂದೂ ಉಂಟು. ತಂದ ದಿನಾನ ಬುಟ್ಟಿ ಕೆಳಗ ಇಟ್ಟು ಸುತ್ತ ಕಾಳು ಚೆಲ್ಲಿ, ನಾಕ ದಿನಕ್ಕ ರಾತ್ರಿ ಗೂಡಿಗೆ ಸೇರಿಸಿದ್ರಂದ್ರ, ಜಗಳಾ ತಪ್ಪತೈತಿ, ಬ್ಯಾನಿ ಒಳಗ ಬರತೈತಿ. ಬುಟ್ಟಿ ಸಂದಿಯಿಂದ ಕಣ್ಣಿನ ಪರಿಚೆ ಆಗೂವಷ್ಟರಾಗ ಉಸುರಿನ ಪರಿಚೆನೂ ಆಗಿಬಿಡತೈತಿ.

ಹಿರೇರದು ತಪ್ಪು ಅನ್ನಾಕ ನನಗ ಮನಸಿಲ್ಲ. ಅವರ ಪದ್ಧತಿ ಕಟ್ಟಿದ್ದು ಮಗ್ಗಲ ಓಣಿಯಿಂದ, ತವರುಮನಿಯಿಂದ ಬರೂ ಕೋಳಿ ಲೆಕ್ಕದ ಮ್ಯಾಲ. ಲಾರಿ ಮ್ಯಾಲ ಜಿಲ್ಲೆ ದಾಟಿ ಬರೂ ಕೋಳಿ ಅವರ ಕಾಲದಾಗ ಕಡಿಮಿ. ಉತ್ತರಾಖಂಡದ ಮುಕ್ತೇಶ್ವರದಾಗಿರೂ ಪಶುವೈದ್ಯ ಸಂಶೋಧನಾ ಸಂಸ್ಥೆಯವರು 1940ರ ದಶಕದಾಗ ಇದಕ್ಕ ಲಸಿಕಿ ತಯಾರ ಮಾಡಿದ್ರು. ಈಗ ಸಣ್ಣ ಮರಿಗೆ ಮೊದಲನೇ ವಾರದಾಗ ಕಣ್ಣಿಗೆ, ಮೂಗಿಗೆ ಹನಿ ಹಾಕತಾರ. ಎಂಟು ವಾರದ ಹೊತ್ತಿಗೆ ಸೂಜಿ ಮಾಡತಾರ. ದನದ ದವಾಖಾನ್ಯಾಗ ಕೇಳಿದ್ರ ಹೇಳತಾರ.

ಗಿರಿರಾಜ ಬಂದ ಮ್ಯಾಲ

ನಮ್ಮ ಹಿತ್ತಲದ ಇತಿಹಾಸದಾಗ ಇನ್ನೊಂದು ದೊಡ್ಡ ತಿರುವು 1989. ಆ ವರ್ಷ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳದಾಗ ತಯಾರ ಮಾಡಿದ ಗಿರಿರಾಜ ತಳಿ ಹೊರಗ ಬಿಟ್ರು. ಹಿತ್ತಲದಾಗ ಮೇಯಕೋತ ಬೆಳಿಯೂ ಕೋಳಿ, ಬಣ್ಣ ಬಣ್ಣದ ಪುಕ್ಕ, ತೂಕಕ್ಕ ಜವಾರಿಕಿಂತ ದುಪ್ಪಟ್ಟು, ವರ್ಷಕ್ಕ 130ರಿಂದ 150 ತತ್ತಿ. 2005ರಾಗ ಸ್ವರ್ಣಧಾರಾ ಬಂತು. ಹೈದರಾಬಾದ ಕಡಿಂದ ವನರಾಜನೂ ಬಂತು. ಸಂಘದ ಮೂಲಕ, ಯೋಜನೆ ಮೂಲಕ ಹತ್ತು, ಇಪ್ಪತ್ತು ಮರಿ ಹೆಣ್ಣಮಕ್ಕಳ ಕೈಗೆ ಸಿಗಾಕ ಹತ್ತಿದ್ವು. ಛಲೋನ ಆತು, ತತ್ತಿ ರೊಕ್ಕಾ ಹೆಚ್ಚಾತು.

ಆದ್ರ ಇಲ್ಲಿ ಹೊಸಾ ಕೋಳಿ ಹಳೇ ಕೋಳಿ ಪ್ರಶ್ನೆ ಮತ್ತ ಎದ್ದು ನಿಂತಿತು. ನಮ್ಮ ಕಡಿ ಒಂದು ಸಲ ಮರಿ ಹಂಚಿದಾಗ ಲಸಿಕಿ ಚೀಟಿ ಕೊಟ್ರು, ಆಹಾರದ ಕಾಗದ ಕೊಟ್ರು. ಮನ್ಯಾಗ ಇದ್ದ ಕೋಳಿ ಜೋಡಿ ಇವನ್ನ ಹೆಂಗ ಕೂಡಸಬೇಕು ಅಂತ ಆ ಕಾಗದದಾಗ ಒಂದು ಸಾಲೂ ಇರಲಿಲ್ಲ. ಜವಾರಿ ಕೋಳಿ ಮರಿಗೆ ಅವ್ವ ಇರತಾಳ. ಆಕಿ ರೆಕ್ಕಿ ಮರಿಗ್ಯಾಗ ಬೆಳದು, ಆಕಿ ಬೆನ್ನು ಹತ್ತಿ ಪಾಳ್ಯಾಗ ಸೇರಕೋತಾವ. ಯಾರರೆ ಮರಿ ಕುಕ್ಕಾಕ ಬಂದ್ರ ಅವ್ವ ಕಣ್ಣು ಕೀಳತಾಳ. ಹಂಚಿಕೆ ಮರಿಗೆ ಅವ್ವ ಇಲ್ಲ. ಐದಾರು ವಾರದ ಅನಾಥ ಮರಿ ದೊಡ್ಡ ಕೋಳಿ ನಡುವ ಬಿಟ್ರ ಅವು ಉಳಿಯೂದ ಕಷ್ಟ. ಉಳದು ಬೆಳದ ಮ್ಯಾಲ ಇನ್ನೊಂದು ತಮಾಷೆ: ಮೈಯಿಂದ ಇವ ದೊಡ್ಡವು, ಜವಾರಿ ಸಣ್ಣದು. ಆದ್ರ ಮರಿ ಇದ್ದಾಗ ಕುಕ್ಕಿಸಿಕೊಂಡ ಗಿರಿರಾಜ, ಅರ್ಧಾ ತೂಕದ ಜವಾರಿ ಕೋಳಿ ಬಂದ್ರ ಈಗಲೂ ಸರಕೊಂಡು ದಾರಿ ಬಿಡತೈತಿ. ಪಾಳಿ ತೂಕದ ಮ್ಯಾಲ ಇರಂಗಿಲ್ಲ, ಮೊದಲನೇ ಜಗಳದ ನೆನಪಿನ ಮ್ಯಾಲ ಇರತೈತಿ.

ಇನ್ನೊಂದು ಮಾತು. ಈ ಹೊಸಾ ತಳಿ ಕಾವಿಗೆ ಕುಂದರೂದು ಅಪರೂಪ. ಹಿಂಗಾಗಿ ಹೊಸಾ ಕೋಳಿ ಬೇಕಂದ್ರ ಪ್ರತಿ ಸಲ ಹೊರಗಿನಿಂದನ ತರಬೇಕು. ಮೊದಲ ವರ್ಷಾನುಗಟ್ಟಲೆಗೆ ಒಮ್ಮೆ ಬರತಿದ್ದ ಕೂಡಸೂ ಕೆಲಸಾ ಈಗ ವರ್ಷಾ ವರ್ಷಾ ಬರತೈತಿ. ಒಂದೆರಡು ಜವಾರಿ ಕೋಳಿ ಉಳಿಸಿಕೊಂಡವರಿಗೆ ಇದರ ಪರಿಹಾರನೂ ಮನ್ಯಾಗ ಐತಿ. ಕಾವಿಗೆ ಕುಂತ ಜವಾರಿ ಕೆಳಗ ಹೊಸಾ ತಳಿ ಫಲದ ತತ್ತಿ ಇಟ್ರ ಆಕಿ ತನ್ನವ ಅಂತ ಬೆಳಸ್ತಾಳ, ಪಾಳಿಗೂ ತಾನ ಸೇರಸ್ತಾಳ. ಹೊಸಾವನ್ನ ಹಳೇವರಾಗ ಕೂಡಸೂದು ಅಂದ್ರ ಇದಕಿಂತ ಸುಲಭ ದಾರಿ ಇಲ್ಲ.

ಈಗ ಮಾಡೂ ಕ್ರಮ

ಹಳೇದು ಹೊಸಾದು ಎರಡೂ ಕೂಡಿಸಿ ನಾ ಈಗ ಹಿಂಗ ಮಾಡತೀನಿ.

ಹೊಸಾ ಕೋಳಿ ಬಂದ್ರ ಮೊದಲ ಕಡಿಮಿ ಅಂದ್ರ ಮೂರು ವಾರಾ, ಆದ್ರ ಒಂದು ತಿಂಗಳು, ಹಳೇವು ಹೋಗಲಾರದ ಕಡಿ ಬ್ಯಾರೆ ಇಡೂದು. ಮನಿ ಮುಂದಿನ ಕಟ್ಟಿ ಆದ್ರೂ ಆತು, ಹಿತ್ತಲದಾಗ ಮಾತ್ರ ಬ್ಯಾಡ. ನೀರಿನ ಪರಟಿ, ಕಾಳಿನ ತಾಟು ಬ್ಯಾರೆ. ದಿನಾ ಮೊದಲ ಹಳೇವಕ್ಕ ಕಾಳು ನೀರು ಹಾಕಿ, ಆಮ್ಯಾಲ ಹೊಸಾವಕ್ಕ. ಕೈ ಕಾಲು ತೊಳಕೊಂಡ ತಿರುಗಿ ಬರೂದು. ಭೇದಿ, ಉಸುರಾಟ, ಮೈಯಾಗ ಹೇನು ಅದಾವೇನು ಅಂತ ನೋಡೂದು.

ತಿಂಗಳು ಆರಾಮ ಇದ್ರ ಆಮ್ಯಾಲ ಬುಟ್ಟಿ. ಈಗ ಬುಟ್ಟಿ ಬದಲಿ ತಂತಿ ಜಾಳಿಗಿ ಕಟ್ಟೀನಿ. ಒಂದು ವಾರಾ ಎರಡೂ ಕಡಿಯವು ನೋಡಕೋತ ತಿನ್ನಲಿ. ನಂತರ ಸಂಜಿ ಮುಂದ, ಕತ್ತಲಾಗಾಕ ಒಂದು ತಾಸು ಇದ್ದಾಗ ಬಯಲಿನಾಗ ಕೂಡಿಸಿ ಬಿಡೂದು. ಇಕ್ಕಟ್ಟಿನಾಗ ಬ್ಯಾಡ. ಕಟಗಿ ಒಟ್ಟಲು, ಕುಳ್ಳಿನ ಒಟ್ಟಲು, ಗಿಡದ ಬುಡಾ ಹಿಂಗ ಅಡಗಾಕ ಜಾಗಾ ಇರಬೇಕು, ಸೋತಾಕಿ ಕಣ್ಮರಿ ಆದ್ರ ಗೆದ್ದಾಕಿ ಬೆನ್ನು ಹತ್ತೂದು ಬಿಡತಾಳ. ಕಾಳು ಎರಡು ಮೂರು ಕಡಿ ಚೆಲ್ಲಬೇಕು, ನೀರೂ ಎರಡು ಕಡಿ. ರಾತ್ರಿ ಒಂದ ಗೂಡು. ಮುಂಜಾನೆ ಬ್ಯಾಗ ಎದ್ದು ನಾನ ನಿಂತು ಗೂಡಿನ ಬಾಗಲಾ ತಗೀತೀನಿ.

ಕುಕ್ಕಾಟ ಒಂದು ವಾರಾ ಇರತೈತಿ, ಇರಲಿ. ಪುಕ್ಕ ಹಾರಿದ್ರ ನಡುವ ಹೋಗಬಾರದು, ನಡುವ ಹೋದಷ್ಟೂ ತೀರ್ಮಾನ ಮುಂದ ಹೋಗತೈತಿ. ರಕ್ತಾ ಕಂಡ್ರ ಮಾತ್ರ ಹೋಗಬೇಕು. ಒಂದ ಕೋಳಿ ಬಿಡದಂಗ ಬೆನ್ನು ಹತ್ತಿತ್ತಂದ್ರ, ಕುಕ್ಕಿಸಿಕೊಂಡಾಕಿನ್ನ ಅಲ್ಲ, ಕುಕ್ಕಾಕಿನ್ನ ತಗದು ನಾಕು ದಿನಾ ಬ್ಯಾರೆ ಇಡ್ರಿ. ತಿರುಗಿ ಬಂದಾಗ ಆಕಿನ ಹೊಸಾಕಿ ಆಗಿರತಾಳ, ಸೊಕ್ಕು ಇಳದಿರತೈತಿ.

ಪಾಳಿ ಗೊತ್ತಾತೋ ಇಲ್ಲೋ ಅಂತ ತಿಳಿಯಾಕ ಜಗಳಾ ನೋಡಕೋತ ಕುಂದರೂದು ಬ್ಯಾಡ. ಹೊಸಾವನ್ನ ಕೂಡಸೂ ಮೊದಲನೇ ವಾರದ ತತ್ತಿ ಎಣಿಸಿ ಕ್ಯಾಲೆಂಡರ ಮ್ಯಾಲ ಬರದಿಡ್ರಿ. ಕೂಡಿಸಿದ ಮ್ಯಾಲ ಅದು ಇಳೀತೈತಿ. ಹಳೇವು ಇಡೂ ತತ್ತಿ ತಿರುಗಿ ಆ ಅಂಕಿಗೆ ಬಂದು ಮುಟ್ಟಿದ ದಿನ ತಿಳೀರಿ, ಹಿತ್ತಲದಾಗ ಪಾಳಿ ಹತ್ತೇತಿ. ಆಮ್ಯಾಲ ಹೊಸಾವು ಇಡೂದೆಲ್ಲಾ ಲಾಭ.